ಆಸೆ ಇಲ್ಲದವರ ಪಟ್ಟಿ

ನನಗೆ ಆಸೆ ಇಲ್ಲವಂತೆ. ಹಾಗೆಂದು ಬರೆದು ರೈತರ ಯೋಜನೆಯ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ.

ನನಗೆ ಓದಲು ಬರುವುದಿಲ್ಲ. ಓದಿ ಹೇಳಿದವಳು ನನ್ನ ಮಗಳು. ಹದಿನಾರು ವರ್ಷದವಳು. ಗೋಡೆಯ ಮೇಲೆ ಮೂರು ಪಟ್ಟಿಗಳಿದ್ದವು. ಮೊದಲನೆಯದು ಆಸೆ ಹೆಚ್ಚಿರುವ ಸಣ್ಣ ರೈತ ಕುಟುಂಬಗಳು. ಎರಡನೆಯದು ಸಾಧಾರಣ. ಮೂರನೆಯದು ಕಡಿಮೆ. ಮೂರನೆಯದರಲ್ಲಿ ನಮ್ಮ ಬೀದಿಗೆ ಬೀದಿಯೇ ಇತ್ತು. ನನ್ನ ಗಂಡನ ಹೆಸರು ನಡುವೆ ಎಲ್ಲೋ ಸಿಕ್ಕಿತು. ಅದರ ಪಕ್ಕದಲ್ಲಿ ನಾನು. ನನ್ನನ್ನು ‘ಹೆಂಡತಿ’ ಎಂದಷ್ಟೇ ಬರೆದಿದ್ದರು.

"ಮೊದಲನೇ ಪಟ್ಟಿಯವ್ರಿಗೆ ನೆರಳು ಮನೆ ಕೊಡ್ತಾರಂತಮ್ಮ," ಎಂದಳು.

"ನಮಗೆ?"

"ನಮಗೆ ತರಬೇತಿ."

"ಎಂಥ ತರಬೇತಿ?"

ಅವಳು ಇನ್ನೊಂದು ಸಲ ಓದಿದಳು. ನಗು ತಡೆದುಕೊಂಡಳು. "ಆಸೆ ಪಡೋದು ಹೇಗೆ ಅಂತ."

ನಾನು ನಗಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಯಾಕೆ ಉರಿಯಿತು ಎಂದು ಹೇಳಬೇಕಾದರೆ ನೆರಳು ಮನೆ ಎಂದರೇನು ಎಂದು ಮೊದಲು ಹೇಳಬೇಕು.

ಕಬ್ಬಿಣದ ಕೊಳವೆಗಳನ್ನು ನೆಟ್ಟು, ಮೇಲೆ ಹಸಿರು ಬಲೆ ಹೊದಿಸಿ, ಒಳಗೆ ಸಣ್ಣಗೆ ನೀರು ಚಿಮುಕಿಸುವ ಪೈಪು ಎಳೆದಿರುತ್ತಾರೆ. ಬಿಸಿಲು ಅರ್ಧ ಮಾತ್ರ ಒಳಗೆ ಬರುತ್ತದೆ. ಎಳೆ ಸಸಿಗಳಿಗೆ ಅದು ಹೆರಿಗೆ ಕೋಣೆ ಇದ್ದ ಹಾಗೆ. ನನಗೆ ಬರುವ ವಿದ್ಯೆ ಅದೊಂದೇ. ಸಸಿ ಎಬ್ಬಿಸುವುದು, ಕಸಿ ಕಟ್ಟುವುದು. ನಮ್ಮ ಕಡೆಯ ಮಣ್ಣಿನಲ್ಲಿ ಟೊಮೆಟೊಗೆ ಸೊರಗು ರೋಗ. ನಿನ್ನೆ ಹಸಿರಾಗಿ ನಿಂತಿದ್ದ ಗಿಡ ಇವತ್ತು ತಲೆ ಜೋತು ಹಾಕುತ್ತದೆ. ಕಾಡು ಬದನೆಯ ಬೇರಿಗೆ ಆ ರೋಗ ತಗಲುವುದಿಲ್ಲ. ಹಾಗಾಗಿ ಕಾಡು ಬದನೆಯ ಬುಡಕ್ಕೆ ಟೊಮೆಟೊದ ತಲೆ ಕೂರಿಸಬೇಕು. ಎರಡೂ ಕಾಂಡ ಪೆನ್ಸಿಲ್ಲಿನ ಕಡ್ಡಿಯಷ್ಟು ದಪ್ಪ ಇರುವಾಗಲೇ ಬ್ಲೇಡಿನಿಂದ ಓರೆಯಾಗಿ ಕೊಯ್ದು, ಗಾಯಕ್ಕೆ ಗಾಯ ಸೇರಿಸಿ, ಚಿಕ್ಕ ಕ್ಲಿಪ್ಪು ಹಾಕಿ, ಏಳು ದಿನ ಕತ್ತಲಲ್ಲಿ, ತೇವದಲ್ಲಿ ಇಡಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಗಿಡ ಸಾಯುತ್ತದೆ.

ನಾನು ಕಟ್ಟಿದ ನೂರರಲ್ಲಿ ತೊಂಬತ್ತೈದು ಬದುಕುತ್ತವೆ. ಇದು ಜಂಬವಲ್ಲ. ನರ್ಸರಿ ಯಜಮಾನನ ಬಳಿ ಒಂಬತ್ತು ವರ್ಷ ಕೂಲಿಗೆ ಕೂತು ಕಲಿತದ್ದು. ಬೆಳಗಿನಿಂದ ಸಂಜೆಯವರೆಗೆ ಮೊಣಕಾಲೆತ್ತರದ ಮೇಜಿನ ಮುಂದೆ ಬಗ್ಗಿ ಕೂರುವುದು. ಸಂಜೆ ಎದ್ದು ನಿಂತರೆ ಬೆನ್ನು ಕೂತಲ್ಲೇ ಉಳಿದಿರುತ್ತದೆ. ಎಡಗೈ ಹೆಬ್ಬೆರಳಿನ ಮೇಲೆ ಬ್ಲೇಡಿನ ಗೆರೆಗಳು. ಟೊಮೆಟೊ ಸೊನೆ ಹತ್ತಿ ಉಗುರು ಕಪ್ಪು. ಉಜ್ಜಿದರೂ ಹೋಗುವುದಿಲ್ಲ. ಯಜಮಾನನ ಸಸಿಗಳಿಗೆ ಮೂರು ತಾಲೂಕಿನಿಂದ ಗಿರಾಕಿಗಳು ಬರುತ್ತಾರೆ. ಅವನಿಗೆ ಬ್ಲೇಡು ಹಿಡಿಯಲೂ ಬರುವುದಿಲ್ಲ.

ನನ್ನ ಸ್ವಂತ ನೆರಳು ಮನೆ ಎಲ್ಲಿ ಬರಬೇಕು ಎಂದು ನಾನು ನಾಲ್ಕು ವರ್ಷದ ಹಿಂದೆಯೇ ನೋಡಿಟ್ಟಿದ್ದೆ. ನಮಗಿರುವುದು ಒಂದು ತುಂಡು ಹೊಲ. ಅಳೆದರೆ ಎಕರೆ ತುಂಬುವುದಿಲ್ಲ. ಅದರಲ್ಲಿ ಬಾವಿಯ ಪಕ್ಕದ ಮೂಲೆ. ಬಾಗಿಲು ಯಾವ ಕಡೆಗೆ, ಮೇಜು ಎಲ್ಲಿ, ಕತ್ತಲೆಗೂಡು ಎಲ್ಲಿ, ಎಲ್ಲ ಗೊತ್ತಿತ್ತು. ಬೇರೆ ಹೆಂಗಸರು ಒಡವೆ ಅಂಗಡಿಯ ಮುಂದೆ ನಿಲ್ಲುವ ಹಾಗೆ ನಾನು ಆ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಅಲ್ಲಿ ಮುಸುಕಿನ ಜೋಳ ಬೆಳೆದಿರುತ್ತಿತ್ತು. ಅದು ನಾವು ತಿನ್ನುವ ಜೋಳ. ಅದನ್ನು ಮುಟ್ಟುವ ಧೈರ್ಯ ಇರಲಿಲ್ಲ.

ಅಂಥವಳಿಗೆ ಆಸೆ ಇಲ್ಲವಂತೆ!

ಆದರೆ ತಪ್ಪು ನನ್ನದೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಯೋಜನೆಯ ಕಡೆಯಿಂದ ಪ್ರಶ್ನೆ ಕೇಳಲು ಒಬ್ಬ ಹುಡುಗಿ ಬರುತ್ತಾಳೆ ಎಂಬ ಸುದ್ದಿ ಒಂದು ವಾರ ಮೊದಲೇ ಬಂದಿತ್ತು. ನಮ್ಮ ಬೀದಿಗೆ ಕಚೇರಿಯವರು ಬಂದರೆ ಏನು ಮಾಡಬೇಕೆಂದು ನಮಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಒಬ್ಬ ಬಂದು ಮನೆಮನೆಯಲ್ಲಿ ಏನೇನಿದೆ ಎಂದು ಕೇಳಿದ್ದ. ಪಕ್ಕದ ಮನೆಯ ಹೊಲಿಗೆಯವಳು ಪಾಪ ಖುಷಿಯಿಂದ ಹೊಲಿಗೆ ಯಂತ್ರ ತೋರಿಸಿದಳು, ಇನ್ನೊಂದು ಕೊಳ್ಳುವ ಆಸೆಯಿದೆ ಎಂದಳು. ಮುಂದಿನ ತಿಂಗಳು ಸಹಾಯದ ಕಾಳು ಅವಳ ಮನೆಗೆ ಬರಲಿಲ್ಲ. ಇವಳು ಬಡವಳಲ್ಲ ಎಂದು ಬರೆದಿದ್ದರು. ಅಂದಿನಿಂದ ಬೀದಿಯವರೆಲ್ಲ ಪಾಠ ಕಲಿತೆವು. ಕಚೇರಿಯವರು ಬಂದರೆ ಮುದುಡಿಕೊಳ್ಳಬೇಕು. ಇದ್ದದ್ದನ್ನು ಅಡಗಿಸಬೇಕು. ಬೇಕಾದದ್ದನ್ನು ಇನ್ನೂ ಒಳಗೆ ಅಡಗಿಸಬೇಕು.

ಹಾಗಾಗಿ ಆ ದಿನ ಮಗಳ ಸೈಕಲ್ಲನ್ನು ಹಿತ್ತಲ ಸೌದೆಯ ಹಿಂದೆ ತಳ್ಳಿದೆ. ನಾಲ್ಕು ಒಳ್ಳೆಯ ಪಾತ್ರೆಗಳನ್ನು ಚೀಲಕ್ಕೆ ತುಂಬಿದೆ. ಗಂಡನಿಗೆ ಹೇಳಿದೆ, "ಏನೇ ಕೇಳಲಿ, ಸಣ್ಣದಾಗಿ ಹೇಳು."

ಅವನು ನಕ್ಕ. "ನಂಗೆ ದೊಡ್ಡದಾಗಿ ಹೇಳೋಕೆ ಬರುತ್ತೇನೇ?"

ಹುಡುಗಿ ಒಳ್ಳೆಯವಳು. ಚಪ್ಪಲಿ ಹೊರಗೆ ಬಿಟ್ಟು ಬಂದಳು. ಅವಳ ಕೈಯಲ್ಲಿ ಒಂದು ರಟ್ಟು. ಅದರ ಮೇಲೆ ಏಣಿಯ ಚಿತ್ರ, ಹತ್ತು ಮೆಟ್ಟಿಲು. ತೀರ ಬಡವರು ಕೆಳಗೆ, ಎಲ್ಲ ಇರುವವರು ಮೇಲೆ. ನೀವೀಗ ಎಷ್ಟನೇ ಮೆಟ್ಟಿಲಲ್ಲಿದ್ದೀರಿ ಎಂದು ಕೇಳಿದಳು. ಗಂಡ ಎರಡನೆಯದನ್ನು ಮುಟ್ಟಿದ. ಹತ್ತು ವರ್ಷಕ್ಕೆ ಎಲ್ಲಿರಬೇಕು ಅಂತ ಆಸೆ ಎಂದಳು.

ಅವನು ನನ್ನ ಮುಖ ನೋಡಿದ. "ಇಲ್ಲೇ ಇದ್ರೆ ಸಾಕು ತಾಯಿ. ಕೆಳಗೆ ಬೀಳ್ದಿದ್ರೆ ದೊಡ್ಡದು."

ಅವಳು ನನ್ನನ್ನು ಕೇಳಿದಳು. ನನ್ನ ಬಾಯಿಯ ತುದಿಗೆ ಬಂದಿತ್ತು. ಬಾವಿಯ ಪಕ್ಕದ ಮೂಲೆ, ಬಾಗಿಲು, ಮೇಜು, ಎಲ್ಲ. ಹೊಲಿಗೆಯವಳ ಖಾಲಿ ಡಬ್ಬ ಕಣ್ಣ ಮುಂದೆ ಬಂತು. "ಅವ್ರು ಹೇಳಿದ್ದೇ ನಂದೂ," ಎಂದೆ.

ಕೊನೆಗೆ ಮಗಳನ್ನು ಕೇಳಿದಳು, ಮುಂದೆ ಏನಾಗಬೇಕು ಅಂತಿದೆ ಎಂದು. ಮಗಳು ಕತ್ತೆತ್ತಿದಳು. ಬಾಯಿ ತೆರೆದಳು. ನಾನು ಕಣ್ಣು ಮುಚ್ಚಿ ತೆರೆದೆ. ಅವಳಿಗೆ ಅರ್ಥವಾಯಿತು.

"ಏನೂ ಇಲ್ಲ," ಎಂದಳು.

ಹುಡುಗಿ ಅದನ್ನೂ ಬರೆದುಕೊಂಡಳು. ನಾವು ಮೂವರೂ ಗೆದ್ದೆವೆಂದುಕೊಂಡೆವು. ಹೊಟ್ಟೆಗಾಗಿ ಆಡಿದ ಸುಳ್ಳು ಅವರ ಪುಸ್ತಕದಲ್ಲಿ ನಮ್ಮ ಸ್ವಭಾವವಾಗಿ ಹೋಯಿತು.

ಯಜಮಾನ ಮಾತ್ರ ಹತ್ತನೇ ಮೆಟ್ಟಿಲು ತೋರಿಸಿದನಂತೆ. ಏಣಿ ಇನ್ನೂ ಉದ್ದ ಇರಬೇಕಿತ್ತು ಎಂದನಂತೆ. ಯೋಜನೆಯ ಸಾಹೇಬರು ಅದನ್ನು ಎಲ್ಲರಿಗೂ ಹೇಳಿಕೊಂಡು ನಕ್ಕರು. ಅವನೆಲ್ಲಿಯ ಸಣ್ಣ ರೈತ ಎಂದು ಕೇಳುತ್ತೀರಾ? ಹೊಲವನ್ನು ಹೆಂಡತಿಗೆ, ಅತ್ತೆಗೆ, ಇಬ್ಬರು ಅಳಿಯಂದಿರಿಗೆ ಹಂಚಿ ಕಾಗದದಲ್ಲಿ ಸಣ್ಣವನಾಗಿದ್ದ. ನಮ್ಮ ಊರಿಗೆ ಬಂದ ಮೂರು ನೆರಳು ಮನೆಗಳಲ್ಲಿ ಮೂರೂ ಅವನ ಬೇಲಿಯೊಳಗೆ ಎದ್ದವು.

ನಮಗೆ ತರಬೇತಿ. ಎರಡು ದಿನ. ಹೋಗದಿದ್ದರೆ ಕಾಳಿನ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ ಎಂದು ಯಾರೋ ಕಿವಿ ಊದಿದರು. ಎಲ್ಲರೂ ಹೋದೆವು. ಎರಡು ದಿನದ ಕೂಲಿ ಹೋಯಿತು. ತಲೆಗೊಂದು ಹಳದಿ ಟೋಪಿ ಕೊಟ್ಟರು. ತರಬೇತಿ ಕೊಡುವವನು ಮೈಕು ಹಿಡಿದು ಕುಣಿದಾಡುತ್ತಿದ್ದ. ಕೈ ಮೇಲೆತ್ತಿ ಕೂಗಿ ಎಂದ. ‘ನನಗೆ ಆಸೆ ಇದೆ! ನಾನು ಗೆಲ್ತೀನಿ!’ ಐವತ್ತು ವರ್ಷ ಮಣ್ಣು ಅಗೆದ ಗಂಡಸರು, ಆರಾರು ಹೆತ್ತ ಹೆಂಗಸರು, ಕೈ ಎತ್ತಿ ಕೂಗಿದರು. ನನ್ನ ಪಕ್ಕದಲ್ಲಿ ಹೊಲಿಗೆಯವಳು ಜೋರಾಗಿ ಕೂಗಿ, ಮೆಲ್ಲಗೆ ನನಗೆ ಹೇಳಿದಳು, "ನಂಗೆ ಉಚ್ಚೆ ಹೋಗೋ ಆಸೆ ಆಗಿ ಒಂದು ಗಂಟೆ ಆಯ್ತು." ನನ್ನ ಗಂಡ ಟೋಪಿ ಕಣ್ಣ ಮೇಲೆಳೆದುಕೊಂಡು ನಿದ್ದೆ ಹೊಡೆದ.

ವೇದಿಕೆಯ ಮೇಲೆ ಕುರ್ಚಿಯಲ್ಲಿ ಯಜಮಾನ ಕೂತಿದ್ದ. ಇವರಿಂದ ಕಲಿಯಿರಿ ಎಂದರು. ಅವನು ಎದ್ದು ನಿಂತು, ಬಡವರು ಬಡವರಾಗಿ ಉಳಿಯುವುದು ಜೇಬಿನಿಂದಲ್ಲ, ಮನಸ್ಸಿನಿಂದ ಎಂದ. ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. ಅವನ ಕುರ್ಚಿಯ ನಾಲ್ಕು ಕಾಲೂ ಅದರ ಮೇಲೆ ನಿಂತಿದ್ದವು.

ತರಬೇತಿಯ ಮರುದಿನವೇ ಯಜಮಾನ ಹೊಸ ನೆರಳು ಮನೆಗೆ ಕೆಲಸಕ್ಕೆ ಕರೆದ. ಹೋದೆ. ಹೊಟ್ಟೆ ಕೇಳಬೇಕಲ್ಲ. ನನಗೆ ಬರಬೇಕಾಗಿದ್ದ ಬಲೆಯ ಕೆಳಗೆ, ನನ್ನದಾಗಬೇಕಿದ್ದ ಮೇಜಿನ ಮುಂದೆ, ಮೊದಲಿನ ಕೂಲಿಗೇ ಬಗ್ಗಿ ಕೂತೆ. ಬೆಳಕು ನಾನು ಅಂದುಕೊಂಡ ಹಾಗೆಯೇ ಇತ್ತು. ಅದೇ ಹೆಚ್ಚು ನೋಯಿಸಿತು.

ಎರಡು ತಿಂಗಳಾದ ಮೇಲೆ ಯೋಜನೆಗೆ ಹಣ ಕೊಟ್ಟ ಸಂಸ್ಥೆಯ ದೊಡ್ಡವರು ನೋಡಲು ಬರುತ್ತಾರೆ ಎಂದಾಯಿತು. ಸಾಹೇಬರು ಹಿಂದಿನ ದಿನ ನನ್ನ ಬಳಿ ಬಂದರು. ಅವರಿಗೆ ಮೂರನೇ ಪಟ್ಟಿಯ ಒಂದು ಹೆಂಗಸು ಬೇಕಾಗಿತ್ತು.

"ನೀವು ಕಸಿ ಮಾಡಿ ತೋರಿಸ್ಬೇಕು. ಮಾಡ್ತಾ ಮಾಡ್ತಾ ಒಂದೇ ಒಂದು ಮಾತು ಹೇಳ್ಬೇಕು. ‘ಮೊದ್ಲು ನಂಗೆ ಕನಸೇ ಇರ್ಲಿಲ್ಲ. ತರಬೇತಿ ಆದ್ಮೇಲೆ ಕನಸು ಕಾಣೋದು ಕಲಿತೆ.’ ಅಷ್ಟೇ. ಹೇಳಿ ನೋಡೋಣ."

ಹೇಳಿದೆ.

"ಸ್ವಲ್ಪ ನಗ್ತಾ ಹೇಳಿ."

ನಗುತ್ತಾ ಹೇಳಿದೆ. ಬೇಷ್ ಎಂದರು. ಮನೆಗೆ ಬಂದು ಮುಖ ತೊಳೆದೆ. ನಗು ಮುಖಕ್ಕೆ ಅಂಟಿಕೊಂಡೇ ಇದೆ ಅನ್ನಿಸಿ ಮತ್ತೆ ತೊಳೆದೆ.

ಮರುದಿನ ಹತ್ತು ಹನ್ನೆರಡು ಮಂದಿ ಬಂದರು. ಟೋಪಿ, ಕ್ಯಾಮೆರಾ. ಅವರಲ್ಲಿ ಹಿರಿಯ ಹೆಂಗಸೊಬ್ಬರು ನನ್ನ ಮುಂದೆಯೇ ಕುಕ್ಕರುಗಾಲಲ್ಲಿ ಕೂತರು. ನಾನು ಕಾಡು ಬದನೆಯ ತಲೆ ಕೊಯ್ದೆ. ಟೊಮೆಟೊದ ಬುಡ ಕೊಯ್ದೆ. ಎರಡನ್ನೂ ಸೇರಿಸಿ ಕ್ಲಿಪ್ಪು ಹಾಕಿದೆ.

"ಎಷ್ಟು ಚಂದ!" ಎಂದರು ಆ ಅಮ್ಮ. "ಇದನ್ನ ಎಲ್ಲಿ ಕಲಿತ್ರಿ? ತರಬೇತೀಲಾ?"

ಸಾಹೇಬರು ನನ್ನ ಕಡೆ ಕಣ್ಣು ಮಾಡಿದರು. ಯಜಮಾನ ಕೈಕಟ್ಟಿ ನಿಂತು ಹಲ್ಲು ಕಿರಿಯುತ್ತಿದ್ದ. ಬಾಯಿಪಾಠ ಮಾಡಿದ್ದ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಾನು ಬ್ಲೇಡು ಮೇಜಿನ ಮೇಲಿಟ್ಟೆ.

"ಇಲ್ಲ ಅಮ್ಮ. ತರಬೇತೀಲಿ ಟೋಪಿ ಹಾಕೋದು ಕಲಿಸಿದ್ರು. ಇದು ಒಂಬತ್ತು ವರ್ಷದಿಂದ ಬರುತ್ತೆ. ಈ ಮನೆ ನಂಗೆ ಬರ್ಬೇಕಿತ್ತು. ನಾನು ಹೆದರ್ಕೊಂಡು ಬೇಡ ಅಂದೆ. ನೀವು ಬೇಡ ಅನ್ನೋದನ್ನ ಬರ್ಕೊಂಡ್ರಿ, ಹೆದರಿಕೇನ ಬರ್ಕೊಳ್ಲಿಲ್ಲ. ಈ ಯಜಮಾನ್ರಿಗೆ ಕೊಟ್ರಿ. ಇವ್ರಿಗೆ ಕಸಿ ಕಟ್ಟೋಕೆ ಬರಲ್ಲ. ಬೇಕಾದ್ರೆ ಈಗ್ಲೇ ಬ್ಲೇಡು ಕೊಟ್ಟು ನೋಡಿ."

ಎಲ್ಲರೂ ಯಜಮಾನನ ಕಡೆ ತಿರುಗಿದರು. ನೀರಿನ ಪೈಪು ಮಾತ್ರ ಸುಯ್ ಎನ್ನುತ್ತಿತ್ತು.

"ಇನ್ನು ಈ ಕೈ ಇಲ್ಲಿ ಕೆಲಸ ಮಾಡಲ್ಲ," ಎಂದೆ. ಎದ್ದೆ. ಬೆನ್ನು ಹಿಡಿದುಕೊಂಡಿತ್ತು. ನೆಟ್ಟಗೆ ನಿಲ್ಲಲು ಮೇಜು ಹಿಡಿಯಬೇಕಾಯಿತು. ಅದೊಂದು ಅವಮಾನ ನನಗೆ ಇವತ್ತಿಗೂ ಇದೆ.

"ಬಿಸಿಲು ತಲೆಗೆ ಹತ್ತಿದೆ ಅವಳಿಗೆ," ಎಂದ ಯಜಮಾನ.

ಆ ಅಮ್ಮ ನನ್ನ ಭುಜ ಮುಟ್ಟಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಪಾಪ, ತುಂಬಾ ಭಾವುಕರು," ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು ಬರೆದುಕೊಂಡರು. ನಾನು ಆಡಿದ ಮಾತೆಲ್ಲ ಬೆಂಕಿ ಎಂದುಕೊಂಡಿದ್ದೆ. ಅವರಿಗೆ ಅದು ಬರೀ ಕಣ್ಣೀರಾಗಿ ಕಂಡಿತು. ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಬೀದಿಯವರು ನನ್ನನ್ನು ಹೊಗಳಿದರು. ಹೊಲಿಗೆಯವಳು ಮನೆಗೆ ಬಂದು ತಬ್ಬಿಕೊಂಡಳು. ಮೂರು ದಿನ ನಾನು ತಲೆ ಎತ್ತಿ ಓಡಾಡಿದೆ. ನಾಲ್ಕನೇ ದಿನ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರೆ ತಳ ಸಿಕ್ಕಿತು.

ಯಜಮಾನ ನನ್ನ ಗಂಡನನ್ನೂ ಕೆಲಸಕ್ಕೆ ಕರೆಯಲಿಲ್ಲ. ಅತ್ತ ಅವನ ಸಸಿಗಳೂ ಕೊಳೆಯುತ್ತಿದ್ದವು. ಬೇರೆ ಹೆಂಗಸರನ್ನು ಕೂರಿಸಿದ್ದ, ಅವರ ಕೈ ಕುದುರಿರಲಿಲ್ಲ. ಒಂದು ಸಂಜೆ ತಾನೇ ನಮ್ಮ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಕೂಲಿ ಸ್ವಲ್ಪ ಜಾಸ್ತಿ ಮಾಡ್ತೀನಿ ಎಂದ.

"ಮೂರು ಮನೇಲಿ ಒಂದು ಮನೆ ನನ್ನ ಹೆಸರಿಗೆ ಮಾಡಿ. ಮಿಕ್ಕ ಎರಡರಲ್ಲೂ ಬಂದು ಕಟ್ಟಿಕೊಡ್ತೀನಿ," ಎಂದೆ.

ಅವನು ನಿಜವಾಗಿಯೂ ನಕ್ಕ. "ತರಬೇತಿ ಚೆನ್ನಾಗೇ ಆಗಿದೆ ನಿಂಗೆ," ಎಂದು ಹೊರಟುಹೋದ.

ಗಂಡ ಬಾಗಿಲಿಗೆ ಬಂದ. ಬೀದಿಯಲ್ಲಿ ಯಜಮಾನನ ಬೆನ್ನು ಮರೆಯಾಗುವವರೆಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಜೋಳ ಕಟಾವಿಗೆ ಇನ್ನೂ ಎರಡು ತಿಂಗಳು.

ಎಂಟು ದಿನ ಕಳೆಯಿತು. ಒಂದು ಸಂಜೆ ಮಗಳು ಗಂಜಿ ಬಟ್ಟಲು ಎತ್ತಿದಾಗ ಅವಳ ಎಡಗೈ ಹೆಬ್ಬೆರಳು ಕಂಡಿತು. ಅಡ್ಡಕ್ಕೆ ಒಂದು ಗೆರೆ, ಹೊಸ ಗೆರೆ. ಉಗುರಿನ ಸುತ್ತ ಕಪ್ಪು.

ಕೈ ಹಿಡಿದು ಮೂಸಿದೆ. ಟೊಮೆಟೊ ಸೊನೆಯ ವಾಸನೆ.

"ಎಷ್ಟು ದಿನದಿಂದ?"

"ಐದು ದಿನ."

"ಶಾಲೆ?"

ಅವಳು ಬಟ್ಟಲು ಕೆಳಗಿಟ್ಟಳು. ನಾನು ಗಂಡನ ಕಡೆ ತಿರುಗಿದೆ. "ನೀನೇ ಕಳಿಸಿದ್ಯಾ?"

"ನಾನು ಕಳಿಸ್ಲಿಲ್ಲ," ಎಂದ. ತನ್ನ ಬಟ್ಟಲು ಪಕ್ಕಕ್ಕೆ ಸರಿಸಿ, "ತಡೀಲೂ ಇಲ್ಲ," ಎಂದ.

ಐದು ದಿನದಿಂದ ನಾನು ತಿಂದ ಹಿಟ್ಟು ಎಲ್ಲಿಂದ ಬಂತೆಂದು ನಾನು ಕೇಳಿರಲಿಲ್ಲ. ಕೇಳಬಾರದೆಂದೇ ಕೇಳಿರಲಿಲ್ಲ. ನಾನು ಬಿಟ್ಟು ಬಂದ ಮೇಜಿಗೆ ನನ್ನ ಮಗಳನ್ನೇ ಕೂರಿಸಿ, ಅವಳ ಕೂಲಿಯಲ್ಲಿ ನನ್ನ ಮಾನ ಉಳಿಸಿಕೊಂಡಿದ್ದೆ.

ಬೆಳಿಗ್ಗೆ ನನ್ನ ಕಣ್ಣು ತಪ್ಪಿಸಿ ಮತ್ತೆ ಹೋದಳು. ನಾನು ಹಿಂದೆಯೇ ಹೋದೆ. ನೆರಳು ಮನೆಯಲ್ಲಿ ಏಳೆಂಟು ಹೆಂಗಸರಿದ್ದರು. ನನ್ನ ಜಾಗದಲ್ಲಿ ಅವಳು. ಬೆನ್ನು ಆಗಲೇ ನನ್ನದರ ಹಾಗೆ ಬಾಗಿತ್ತು.

"ಏಳು," ಎಂದೆ.

ಅವಳು ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ಮನೇಲಿ ಹಿಟ್ಟಿಲ್ಲಮ್ಮ."

ಎಲ್ಲರ ಮುಂದೆ ಹೇಳಿದಳು. ಹೆಂಗಸರ ಕೈಗಳು ನಿಂತವು. ಯಜಮಾನ ಬಾಗಿಲಲ್ಲಿ ನಿಂತಿದ್ದ.

"ನಿನ್ನ ಮಗಳ ಕೈ ನಿಂಗಿಂತ ಚುರುಕು," ಎಂದ. "ನೀನು ಮನೇಲಿ ಆರಾಮಾಗಿರು."

"ಹಿಟ್ಟು ಇಲ್ದೇ ಇದ್ರೆ ಇರ್ಲಿ. ಏಳು ಮಗಳೇ. ನಿನ್ನ ಕಾಲಿಗೆ ಬೀಳ್ತೀನಿ, ಏಳು."

ಆಗ ಎದ್ದಳು. ಕೈಯಲ್ಲಿದ್ದ ಸಸಿಯನ್ನು ಕ್ಲಿಪ್ಪು ಹಾಕಿ, ಸರಿಯಾಗಿ ತಟ್ಟೆಯಲ್ಲಿಟ್ಟು ಎದ್ದಳು. ಅರ್ಧ ಕೆಲಸ ಬಿಡಬಾರದೆಂದು ನಾನೇ ಕಲಿಸಿದ್ದೆ.

ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಬೇಲಿ ದಾಟಿದ ಮೇಲೆ ತಿರುಗಿ ನಿಂತಳು.

"ನೀನು ಬಿಟ್ಟು ಬಂದೆ ಅಂತ ಎಲ್ರೂ ಹೊಗಳ್ತಾರೆ. ಹೊಗಳಿಕೇನ ಬೇಯಿಸೋಕಾಗುತ್ತಾ?"

ನಾನು ಅವಳ ಹೆಬ್ಬೆರಳಿನ ಗೆರೆ ನೋಡಿದೆ.

"ಆವತ್ತು ಆ ಹುಡುಗಿ ಕೇಳ್ದಾಗ ನಾನು ಹೇಳ್ತಿದ್ದೆ. ನೀನು ಕಣ್ಣು ಮುಚ್ಚಿದೆ."

"ಏನು ಹೇಳ್ತಿದ್ದೆ?"

"ಗಿಡದ ರೋಗ ಓದ್ಬೇಕು ಅಂತ. ಮಣ್ಣಲ್ಲಿ ಏನಿದೆ, ಯಾಕೆ ಸೊರಗುತ್ತೆ ಅಂತ. ಅದಕ್ಕೂ ಕಾಲೇಜಿದೆ." ಮೂಗು ಒರೆಸಿಕೊಂಡಳು. "ಬಿಡು. ಈಗ್ಯಾಕೆ."

ಹೆತ್ತವಳು ನಾನು. ಹದಿನಾರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಊರೂರು ತಿರುಗುವ ಯಾವುದೋ ಹುಡುಗಿ ಕೇಳಿದಳು. ಅದಕ್ಕೂ ನಾನು ಅಡ್ಡ ಬಂದೆ. ಯಜಮಾನನ ಮೇಲಿನ ಸಿಟ್ಟು, ಸಾಹೇಬರ ಮೇಲಿನ ಸಿಟ್ಟು ಎಲ್ಲ ಇದ್ದಲ್ಲೇ ಇತ್ತು. ಆದರೆ ಅಂದು ದಾರಿಯ ಮಧ್ಯೆ ನಿಂತು ನನಗೆ ನನ್ನ ಮೇಲೆ ಅಸಹ್ಯವಾಯಿತು.

"ಶಾಲೆಗೆ ಹೋಗು," ಎಂದೆ. "ಇವತ್ತೇ. ಈಗ್ಲೇ."

"ಊಟಕ್ಕೆ?"

"ಹೋಗು ಅಂದೆ."

ಅವಳು ಹೋದಳು. ನಾನು ಮನೆಗೆ ಹೋಗಲಿಲ್ಲ. ನೇರ ಹೊಲಕ್ಕೆ ಹೋದೆ. ಗಂಡ ಕಳೆ ತೆಗೆಯುತ್ತಿದ್ದ. ಬಾವಿಯ ಪಕ್ಕದ ಮೂಲೆಯಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು. ಕಡು ಹಸಿರು. ಆ ವರ್ಷ ಅಂಥ ಜೋಳ ಬೇರೆ ಯಾರ ಹೊಲದಲ್ಲೂ ಇರಲಿಲ್ಲ.

ಮೊದಲನೇ ಗಿಡ ಹಿಡಿದು ಕಿತ್ತೆ. ಬೇರಿನ ಜೊತೆ ಒದ್ದೆ ಮಣ್ಣು ಬಂತು.

"ಏನೇ! ಹುಚ್ಚು ಹಿಡೀತಾ?" ಅವನು ಓಡಿ ಬಂದ.

ಎರಡನೆಯದು ಕಿತ್ತೆ. ಮೂರನೆಯದು. "ಇಲ್ಲಿ ಸಸಿ ಎಬ್ಬಿಸ್ತೀನಿ. ಗಳ ನೆಡ್ತೀನಿ. ಹಾಸಿಗೆ ಬಟ್ಟೆ, ಹಳೆ ಚೀಲ, ಏನಿದೆಯೋ ಅದನ್ನ ಹೊದಿಸ್ತೀನಿ. ಕಸಿ ಕಟ್ಟಿ ನಾನೇ ಮಾರ್ತೀನಿ."

"ತಿನ್ನೋದೇನು?"

"ಗೊತ್ತಿಲ್ಲ."

"ಸಸಿ ಸತ್ರೆ?"

"ಗೊತ್ತಿಲ್ಲ ಅಂದ್ನಲ್ಲ!"

ಅವನು ನನ್ನ ಕೈ ಹಿಡಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ನಾನು ಬಿಡಿಸಿಕೊಂಡೆ. ಅವನು ಬದುವಿನ ಮೇಲೆ ಹೋಗಿ, ನನಗೆ ಬೆನ್ನು ಮಾಡಿ ಕೂತ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದನೋ ಏನೋ. ನಾನು ನೋಡಲು ಹೋಗಲಿಲ್ಲ.

ಸಾಲಿನ ಮೇಲೆ ಸಾಲು ಕಿತ್ತೆ. ಬಿಸಿಲು ನೆತ್ತಿಗೆ ಬಂತು. ಎಲೆಯ ಅಂಚು ತಗುಲಿ ಮೊಣಕೈವರೆಗೆ ಗೀರುಗಳು. ಸುಮಾರು ಹೊತ್ತಾದ ಮೇಲೆ ಹಿಂದೆ ಸದ್ದಾಯಿತು. ಅವನು ನಾನು ಕಿತ್ತೆಸೆದ ಗಿಡಗಳನ್ನು ಬಾಚಿ ಹೊರೆ ಕಟ್ಟುತ್ತಿದ್ದ.

"ಎಳೇ ದಂಟು. ಹಾಲಿನವ್ರಿಗೆ ಮೇವಿಗಾಗುತ್ತೆ," ಎಂದ, ನನ್ನ ಮುಖ ನೋಡದೆ. "ಬಾಡೋಕ್ಮುಂಚೆ ಕೊಟ್ರೆ ಒಂದೆರಡು ಸೇರು ಹಿಟ್ಟು ಕೊಡ್ತಾರೆ."

ನನಗೆ ಖುಷಿಯಾಗಲಿಲ್ಲ. ಸುಳ್ಳು ಯಾಕೆ ಹೇಳಲಿ. ಭಯವಾಯಿತು. ಯಜಮಾನ ಆಸೆ ಪಡಲು ಒಂದು ಕಡ್ಡಿ ಕೀಳಬೇಕಾಗಿರಲಿಲ್ಲ. ಕುರ್ಚಿಯಲ್ಲಿ ಕೂತು ಬೆರಳು ತೋರಿಸಿದರೆ ಸಾಕಾಗಿತ್ತು. ನಾವು ಆಸೆ ಪಡಬೇಕಾದರೆ ಮಗಳ ತಟ್ಟೆಯಲ್ಲಿರುವುದನ್ನು ನಮ್ಮ ಕೈಯಾರೆ ಕಿತ್ತು ಹಸುವಿಗೆ ಹಾಕಬೇಕು. ಇದನ್ನು ಯಾವ ಹುಡುಗಿ ಬಂದು ಕೇಳುತ್ತಾಳೆ, ಯಾವ ಪುಸ್ತಕದಲ್ಲಿ ಬರೆಯುತ್ತಾಳೆ?

ಅವನು ಮೊದಲ ಹೊರೆ ತಲೆಯ ಮೇಲೆ ಹೊತ್ತು ನಿಂತ. ಇನ್ನೂ ಎರಡು ಸಾಲು ಉಳಿದಿದ್ದವು.

"ಅದನ್ನಾದ್ರೂ ಬಿಡೇ," ಎಂದ. "ಎರಡು ಸಾಲು."

ಬಿಡಬಹುದಿತ್ತು. ಎರಡು ಸಾಲು ಬಿಟ್ಟರೆ ಹತ್ತು ದಿನದ ಗಂಜಿ. ಆದರೆ ಉಳಿದ ಜಾಗದಲ್ಲಿ ಮೇಜು ಹಿಡಿಸುವುದಿಲ್ಲ, ಬಾಗಿಲು ಕೂರುವುದಿಲ್ಲ.

ಅವೆರಡನ್ನೂ ಕಿತ್ತೆ.